ಕ್ಯಾಮರಾದ ಮೇಲೊಂದು ಟವೆಲ್

ಊಟಕ್ಕೆ ಕೂರುವ ಮುಂಚೆ ನನ್ನ ಹೆಂಡತಿ ಹಾಲ್‌ನ ಕ್ಯಾಮರಾದ ಮೇಲೆ ಟವೆಲ್ ಹಾಕುತ್ತಿದ್ದಳು. ಊಟ ಮುಗಿದ ಮೇಲೆ ಅದನ್ನು ತೆಗೆದು, ಅದರಲ್ಲೇ ಕೈ ಒರೆಸಿಕೊಂಡು, ಮಡಚಿ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದಳು. ಉಣ್ಣುವವರ ತಟ್ಟೆಯ ಮೇಲೆ ಯಾರ ಕಣ್ಣೂ ಇರಬಾರದು ಎಂಬುದು ಅವಳು ತವರಿನಿಂದ ತಂದ ನಿಯಮ. ನಾನು ನಿಯಮಗಳಲ್ಲೇ ಬೆಳೆದವನು. ಆದರೂ ಈ ಒಂದು ನಿಯಮ ನನಗೆ ಹಿಡಿಸಿರಲಿಲ್ಲ.

"ಅದು ಮಿಷನ್ ಕಣೇ. ಅದಕ್ಕೇನು ಹಸಿವಾ, ಹೊಟ್ಟೆಕಿಚ್ಚಾ?" ಎಂದು ಕೇಳುತ್ತಿದ್ದೆ.

"ಮಿಷನ್ ಹಿಂದೆ ಇರೋದು ನೀವಲ್ವಾ? ಪಾರ್ಕಲ್ಲಿ ಕೂತ್ಕಂಡು ಫೋನಲ್ಲಿ ನನ್ ತುತ್ತು ನೋಡ್ತಿದ್ರೆ ಗಂಟಲಲ್ಲಿ ಇಳಿಯಲ್ಲ ಕಣ್ರೀ" ಎನ್ನುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ನಮ್ಮೂರು ಹಿನಕಲ್ ಇನ್ನೂ ಹಳ್ಳಿಯಾಗಿದ್ದ ಕಾಲದಲ್ಲಿ, ಮನೆಯಲ್ಲಿದ್ದರೆ ಓದು ಕೆಡುತ್ತದೆಂದು ಅಪ್ಪ ನನ್ನನ್ನು ಮೈಸೂರಿನ ಒಂದು ವಿದ್ಯಾರ್ಥಿನಿಲಯಕ್ಕೆ ಸೇರಿಸಿದರು. ಅಲ್ಲಿ ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಸಾಲಿನಲ್ಲಿ ನಿಲ್ಲಬೇಕು, ಗಂಟೆ ಹೊಡೆದ ಮೇಲೆಯೇ ತಟ್ಟೆಗೆ ಕೈ ಹಾಕಬೇಕು. ಆ ಗಂಟೆ ನನ್ನೊಳಗೆ ಇನ್ನೂ ಹೊಡೆಯುತ್ತದೆ. ನಮ್ಮ ರಾಗಿ ಹೊಲ ಬಡಾವಣೆಯಾಗಿ, ಉಳಿದ ಸೈಟಿನಲ್ಲಿ ಮನೆ ಕಟ್ಟಿಸಿದಾಗ ಚಪ್ಪಲಿ ಬಿಡುವ ಜಾಗಕ್ಕೂ ಗೆರೆ ಎಳೆಸಿದವನು ನಾನು.

ಮಕ್ಕಳಾದಾಗ ಅವರ ಬೆಳವಣಿಗೆಯನ್ನೂ ಹಾಗೇ ಓರಣವಾಗಿ ಇಡಬೇಕೆನ್ನಿಸಿತು. ಮೊದಲು ಬಂದದ್ದು ಟೇಪ್ ರೆಕಾರ್ಡರ್. ಮಗಳ ಮೊದಲ ಮಾತು, ಮಗನ ಮೊದಲ ಪದ್ಯ ಅದರಲ್ಲಿವೆ. ಆಮೇಲೆ ವಿಡಿಯೊ ಕ್ಯಾಮರಾ ಬಂತು. ಪ್ರತಿ ಹುಟ್ಟುಹಬ್ಬಕ್ಕೂ ಅದೇ ಗೋಡೆ, ಅದೇ ಕಿಟಕಿಯ ಬೆಳಕು. ಎದೆ ಮುಂದೆ, ಗಲ್ಲ ಮೇಲೆ. ಮಗಳು ಸೈಕಲ್ ಕಲಿಯುತ್ತಾ ಬಿದ್ದಾಗ, "ಎದ್ದು ಇನ್ನೊಂದ್ಸಲ ಅಲ್ಲಿಂದ ಬಾ" ಎನ್ನುವ ನನ್ನ ದನಿಯೂ ಟೇಪಿನಲ್ಲಿದೆ. ಮಗ ಇಂದಿಗೂ ಮನೆಗೆ ಬಂದವರ ಮುಂದೆ ಹೇಳುತ್ತಾನೆ: "ನಮ್ಮಪ್ಪ ನಮ್ಮನ್ನ ಸಾಕ್ಲಿಲ್ಲ ಸಾರ್, ಶೂಟಿಂಗ್ ಮಾಡಿದ್ರು." ಹೇಳಲಿ. ಭಾನುವಾರ ಎಣ್ಣೆಸ್ನಾನವಾದ ಮೇಲೆ ಒದ್ದೆ ತಲೆಯಲ್ಲೇ ಎಲ್ಲರೂ ಟಿ.ವಿ. ಮುಂದೆ ಕೂತು ಆ ಟೇಪುಗಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಅದು ನಮ್ಮ ಮನೆಯ ಹಬ್ಬ.

ಹೆಂಡತಿ ಮಾತ್ರ ನಾನು ಕ್ಯಾಮರಾ ಎತ್ತಿದ ಕೂಡಲೇ ಅಡುಗೆಮನೆಯ ಕಡೆ ನಡೆದುಬಿಡುತ್ತಿದ್ದಳು. "ನನ್ನೇನ್ ತೆಗೀತೀರಾ? ನಾನೇನ್ ಬೆಳೀತಿದೀನಾ?"

ಮಗನಿಗೆ ಗಂಡುಮಗು ಹುಟ್ಟಿದಾಗ ಹಾಲ್‌ಗೆ ಹೊಸ ಕ್ಯಾಮರಾ ತಂದೆ. ಮುಷ್ಟಿಯಷ್ಟು ಗಾತ್ರದ ಬಿಳಿ ಗುಂಡು. ಶೋಕೇಸಿನ ಮೇಲೆ ಕೂತು ಕತ್ತು ತಿರುಗಿಸುತ್ತದೆ, ಮಗು ಅಲುಗಿದರೆ ಫೋನಿಗೆ ಸುದ್ದಿ ಕಳಿಸುತ್ತದೆ. ಕರೆಂಟು ಹೋದರೂ ನಿಲ್ಲದಿರಲೆಂದು ಯುಪಿಎಸ್‌ನಿಂದ ಅದಕ್ಕೆ ಲೈನು ಕೊಡಿಸಿದೆ. ಮಗ, ಸೊಸೆ, ಮಗಳು ಮೂವರೂ ತಮ್ಮ ಫೋನಿನಲ್ಲಿ ನೋಡಬಹುದು. ನಿಲ್ಲಿಸುವ ಅಧಿಕಾರ ನನ್ನ ಫೋನಿಗೆ ಮಾತ್ರ. ಮಗು ಮಗುಚಿದ್ದು, ಕೂತದ್ದು, ಅಂಬೆಗಾಲಿಟ್ಟದ್ದು ಎಲ್ಲವೂ ಅದರಲ್ಲಿ ಸಿಕ್ಕಿತು. ಸಿಕ್ಕ ಕೂಡಲೇ ಮನೆಯವರ ಗುಂಪಿಗೆ ಹಾಕುತ್ತಿದ್ದೆ. ಮಂಡಕಳ್ಳಿಯ ಹತ್ತಿರ ಇರುವ ಮಗಳು ಅಡುಗೆ ಬಿಟ್ಟು ನೋಡಿ ಫೋನು ಮಾಡುತ್ತಿದ್ದಳು.

ಮೊದಲ ಹೆಜ್ಜೆ ಮಾತ್ರ ಸಿಗಲಿಲ್ಲ. ಮಧ್ಯಾಹ್ನ ಹೆಂಡತಿ ಹಾಲ್‌ನ ನೆಲದ ಮೇಲೆ ಕೂತು ಉಣ್ಣುತ್ತಿದ್ದಳು. ಟವೆಲ್ ಕ್ಯಾಮರಾದ ಮೇಲಿತ್ತು. ಸೋಫಾ ಹಿಡಿದು ನಿಂತಿದ್ದ ಮಗು ಕೈ ಬಿಟ್ಟು ಅವಳ ತಟ್ಟೆಯ ಕಡೆಗೆ ನಡೆದುಬಂತಂತೆ. ಕಾಂಪೌಂಡಿನಲ್ಲಿದ್ದ ನನಗೆ ಅವಳ ಕೂಗು ಕೇಳಿಸಿತು.

"ರೀ, ನಡೆದ್ಬುಟ್ಟ ಕಣ್ರೀ! ಬಂದ್ ನೋಡಿ!"

ಓಡಿ ಬಂದೆ. ಮಗು ಅವಳ ತೊಡೆಯ ಮೇಲಿತ್ತು, ಟವೆಲ್ ಕ್ಯಾಮರಾದ ಮೇಲೆ.

"ಹಾಳ್ ಮಾಡ್ಬುಟ್ಟೆಯಲ್ಲೇ!"

"ನಾನ್ ಕಣ್ಣಾರೆ ನೋಡಿದ್ನಲ್ಲ, ಬುಡಿ. ಮನೇಲಿ ಒಬ್ರು ನೋಡಿದ್ರೆ ಸಾಲ್ದಾ?"

ನನಗೆ ಸಾಲಲಿಲ್ಲ. ಟವೆಲ್ ಎಳೆದು, ಮಗುವನ್ನು ಮತ್ತೆ ಸೋಫಾಕ್ಕೆ ನಿಲ್ಲಿಸಿ, ಎದುರಿಗೆ ಕೂತು ಚಪ್ಪಾಳೆ ತಟ್ಟಿದೆ. ಪುಣ್ಯಕ್ಕೆ ಇನ್ನೊಮ್ಮೆ ನಡೆಯಿತು. 'ಮೊದಲ ಹೆಜ್ಜೆ' ಎಂದು ನಮ್ಮ ಮನೆಯವರೆಲ್ಲ ನೋಡಿ ಖುಷಿಪಟ್ಟದ್ದು ಆ ತುಣುಕನ್ನೇ. ಅದು ಮೊದಲನೆಯದಲ್ಲ ಎಂದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಮೊದಲನೆಯದನ್ನು ನೋಡಿದವಳು ಅವಳೊಬ್ಬಳೇ.

ಆ ವರ್ಷದ ಮಳೆಗಾಲ ಮುಗಿಯುವ ಮುಂಚೆ ಅವಳು ಹೋದಳು. ಬೆಳಿಗ್ಗೆ ಹಾಲು ಕಾಯಿಸುತ್ತಾ ಎದೆ ಹಿಡಿದುಕೊಂಡವಳು ಆಸ್ಪತ್ರೆ ಮುಟ್ಟಲಿಲ್ಲ.

ಕಾರ್ಯಕ್ಕೆ ಫೋಟೊ ಬೇಕಾಯಿತು. ಮಗಳ ಮದುವೆಯ ಗುಂಪಿನ ಚಿತ್ರದಿಂದ ಅವಳ ಮುಖವನ್ನು ಬಿಡಿಸಿ ದೊಡ್ಡದು ಮಾಡಿಸಿದೆವು. ಆಮೇಲೆ ನಾನು ಹಳೆಯ ಟೇಪುಗಳಲ್ಲೆಲ್ಲ ಅವಳನ್ನು ಹುಡುಕಿದೆ. ಮಗುವಿನ ಮೂಗು ಒರೆಸುವ ಒಂದು ಕೈ. ಬಾಗಿಲಲ್ಲಿ ಮರೆಯಾಗುವ ಸೆರಗು. 'ಮೊದಲ ಹೆಜ್ಜೆ'ಯ ತುಣುಕನ್ನೂ ನೋಡಿದೆ. ಅಷ್ಟು ದಿನ ಮಗುವನ್ನು ಮಾತ್ರ ನೋಡಿದ್ದ ನಾನು ಆಗ ಅದರ ಹಿಂದೆ ನೋಡಿದೆ. ನೆಲದ ಮೇಲೆ ತಟ್ಟೆ, ಅದರಲ್ಲಿ ಅರ್ಧ ಮುರಿದ ಮುದ್ದೆ. ಎಂಜಲು ಕೈಯನ್ನು ಮೇಲೆತ್ತಿ ಹಿಡಿದು ಕೂತ ಅವಳು. ಮಗು ನನ್ನ ಕಡೆ ಬರುತ್ತಿದ್ದಂತೆ ಅವಳು ಎಡಗೈ ಚಾಚಿ ತಟ್ಟೆಯನ್ನು ಮೆಲ್ಲಗೆ ಸೋಫಾದ ಮರೆಗೆ ತಳ್ಳುತ್ತಾಳೆ. ಅಲ್ಲಿಗೆ ತುಣುಕು ನಿಲ್ಲುತ್ತದೆ. ಆಮೇಲೆ ಅವಳು ಉಂಡಳೋ ಇಲ್ಲವೋ ಅದರಲ್ಲಿಲ್ಲ. ನನಗೆ ನೆನಪೂ ಇಲ್ಲ. ಎಷ್ಟು ನೋಡಿದರೂ ತಟ್ಟೆ ಸೋಫಾದ ಮರೆಗೆ ಹೋಗುತ್ತದೆ, ಅಷ್ಟೆ.

ವರ್ಷದ ಕಾರ್ಯ ಮುಗಿದು ಪಿತೃಪಕ್ಷದ ಅಮಾವಾಸ್ಯೆ ಬಂತು. ಹಿರಿಯರ ಸಾಲಿನಲ್ಲಿ ಅವಳಿಗೂ ಎಡೆ ಇಡುವ ಮೊದಲ ಸಲ. ನಮ್ಮಲ್ಲಿ ಅದರ ಕ್ರಮ ಹೀಗೆ. ಸಂಜೆ ದೀಪ ಹಚ್ಚಿ, ಹಾಲ್‌ನಲ್ಲಿ ಫೋಟೊ ಇಟ್ಟು, ಕಳಶಕ್ಕೆ ಹೊಸ ಸೀರೆ ಉಡಿಸಿ, ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆ ಎಲೆಯ ಮೇಲೆ ಬಡಿಸುತ್ತೇವೆ. ಧೂಪ ಹಾಕಿ, ಅಡ್ಡಬಿದ್ದು, ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚುತ್ತೇವೆ. ಅವರು ಬಂದು ಉಣ್ಣುವ ಹೊತ್ತು ಅದು. ಒಳಗೆ ಯಾರೂ ಇರಬಾರದು, ಕಿಟಕಿಯಲ್ಲೂ ಇಣುಕಬಾರದು. ಕಣ್ಣು ಬಿದ್ದರೆ ಅವರು ಎಲೆ ಬಿಟ್ಟು ಎದ್ದುಹೋಗುತ್ತಾರೆ, ಇನ್ನೊಂದು ವರ್ಷ ಹಸಿದೇ ಇರುತ್ತಾರೆ ಎಂದು ನನ್ನ ಅವ್ವ ಹೇಳುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ ಮನೆಯ ಯಜಮಾನ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತಾನೆ. ನೀವು ಇದನ್ನೆಲ್ಲ ನಂಬುತ್ತೀರಾ ಎಂದು ಯಾರಾದರೂ ಕೇಳಿದರೆ, ತಪ್ಪದೆ ಮಾಡುತ್ತೇನೆ ಎಂದಷ್ಟೇ ಹೇಳಬಲ್ಲೆ.

ಸೊಸೆ ಮುದ್ದೆ, ಕೋಳಿ ಸಾರು, ಕಜ್ಜಾಯ ಮಾಡಿದ್ದಳು. ಮಗಳು ಮೂಲೆ ಅಂಗಡಿಯಿಂದ ಮಸಾಲೆ ಕಡಲೆಬೀಜದ ಪೊಟ್ಟಣ ತಂದು ಎಲೆಯ ತುದಿಯಲ್ಲಿಟ್ಟಳು. ಅವಳಮ್ಮ ಸೆರಗಿನ ಮರೆಯಲ್ಲಿ ಕದ್ದು ತಿನ್ನುತ್ತಿದ್ದದ್ದು ಅದನ್ನೇ. ನಾನು ಎಲ್ಲವನ್ನೂ ಒಮ್ಮೆ ನೋಡಿ, ಎಲೆ ನೇರವಾಗಿದೆಯೇ ಎಂದು ಪರೀಕ್ಷಿಸಿ, ಬಾಗಿಲು ಮುಚ್ಚಿದೆ.

ಪೋರ್ಟಿಕೋದ ಮೆಟ್ಟಿಲ ಮೇಲೆ ಸಾಲಾಗಿ ಕೂತೆವು. ಸೊಸೆಯ ತೊಡೆಯ ಮೇಲೆ ಮಗು. ಎದುರುಮನೆಗೆ ಹೊಸದಾಗಿ ಬಂದವರು ಸ್ಕೂಟರ್ ನಿಲ್ಲಿಸಿ ಕೇಳಿದರು:

"ಏನ್ ಸಾರ್, ಎಲ್ಲಾ ಹೊರಗೆ ಕೂತಿದೀರಾ? ಕೀ ಒಳಗೆ ಸೇರ್ಕಂಡ್ಬುಡ್ತಾ?"

"ಇಲ್ಲ ಸ್ವಾಮಿ, ಮನೆಗೆ ನೆಂಟರು ಬಂದವ್ರೆ" ಎಂದ ಮಗ.

ಅವರು ತಲೆ ಕೆರೆದುಕೊಂಡು ಹೋದರು. ಮಗಳು ಬಾಯಿಗೆ ಸೆರಗಿಟ್ಟು ನಕ್ಕಳು. ಆಗಲೇ ನಮ್ಮ ನಾಲ್ವರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು.

ಎಲ್ಲರಿಗೂ ಗೊತ್ತಿರುವ ಸದ್ದು. ಮಗು ಮಗುಚಿದಾಗ, ಎದ್ದು ಕೂತಾಗ ಬರುತ್ತಿದ್ದದ್ದು ಅದೇ. ಮಗು ಈಗ ಇಲ್ಲೇ, ನಮ್ಮ ಜೊತೆಯಲ್ಲಿತ್ತು. ಫೋನಿನ ಮೇಲೆ ಒಂದೇ ಸಾಲು: ಹಾಲ್‌ನಲ್ಲಿ ಒಬ್ಬ ವ್ಯಕ್ತಿ ಇದ್ದಾರೆ.

ಆ ಕ್ಯಾಮರಾ ಹಿಂದೊಮ್ಮೆ ಒಣಹಾಕಿದ ಪಂಚೆಯನ್ನೂ ವ್ಯಕ್ತಿ ಎಂದಿತ್ತು. ಧೂಪದ ಹೊಗೆಯೋ, ಕಳಶದ ಸೀರೆಯ ಸೆರಗು ಗಾಳಿಗೆ ಆಡಿದ್ದೋ ಇರಬೇಕು. ಅದೆಲ್ಲ ನನಗೆ ಹೊಳೆಯಿತು. ಆದರೆ ಅದಕ್ಕಿಂತ ಮುಂಚೆ ಹೊಳೆದದ್ದು ಇನ್ನೊಂದು: ಟವೆಲ್ ಹಾಕಿರಲಿಲ್ಲ. ಎಲೆಯ ನೇರ ನೋಡಿದವನಿಗೆ ಶೋಕೇಸಿನ ಮೇಲಿದ್ದ ಕಣ್ಣು ಕಾಣಲಿಲ್ಲ.

"ಅಪ್ಪ, ಕ್ಯಾಮರಾ..." ಎಂದಳು ಮಗಳು. "ಅಮ್ಮ ಹೆಂಗೆ ಊಟ ಮಾಡ್ತಾಳೆ?"

ನಾನು ಎದ್ದು ಮೀಟರ್ ಬೋರ್ಡಿನ ಹತ್ತಿರ ಹೋಗಿ ಮೇನ್ ಸ್ವಿಚ್ ಇಳಿಸಿದೆ. ಮನೆ ಕತ್ತಲಾಯಿತು. ಒಳಗಿನಿಂದ ಯುಪಿಎಸ್ ಕೂಗಿತು.

"ಯುಪಿಎಸ್‌ನಲ್ಲಿ ಓಡುತ್ತೆ ಅಪ್ಪ. ನೀವೇ ಹಾಕ್ಸಿದ್ದಲ್ವಾ?" ಎಂದ ಮಗ.

"ಒಳಗೆ ಹೋಗಿ ಮುಚ್ಚಿ ಬರ್ಲಾ ಮಾವ?" ಎಂದಳು ಸೊಸೆ.

"ಬೇಡಮ್ಮ. ಎಲೆ ಮುಂದೆ ಕೂತೋರನ್ನ ದಾಟಿಕೊಂಡು ಹೋಗೋಕಾಗಲ್ಲ" ಎಂದುಬಿಟ್ಟೆ. ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಮೇನ್ ಸ್ವಿಚ್ ಮತ್ತೆ ಹಾಕಿದೆ. ಉಳಿದದ್ದು ನನ್ನ ಫೋನು. ಅದರಲ್ಲಿ ಕ್ಯಾಮರಾ ನಿಲ್ಲಿಸುವ ಗುಂಡಿ ಇದೆ. ಒತ್ತಿದರೆ ಲೆನ್ಸ್ ಒಳಮುಖವಾಗಿ ತಿರುಗಿ ಮುಚ್ಚಿಕೊಳ್ಳುತ್ತದೆ. ಆದರೆ ಆ ಗುಂಡಿ ಇರುವುದು ಹಾಲ್‌ನ ದೃಶ್ಯದ ಕೆಳಗೆ. ದೃಶ್ಯ ತೆರೆಯದೆ ಗುಂಡಿ ಸಿಗುವುದಿಲ್ಲ.

"ಹೆಂಗೂ ತೆರೀಲೇಬೇಕಲ್ಲ. ಒಂದ್ಸಲ ನೋಡಿ ಅಪ್ಪ" ಎಂದಳು ಮಗಳು. "ಅಮ್ಮ ಹೋಗೋವಾಗ ನಾನಿರ್ಲಿಲ್ಲ. ನೋಡಿ ಹೇಳಿ ಸಾಕು."

"ಬೇಡ ಕಣಕ್ಕ, ಸುಮ್ನಿರು" ಎಂದ ಮಗ.

ನೋಡಬೇಕೆಂದು ನನಗೆ ಎಷ್ಟು ಆಸೆಯಿತ್ತೆಂದು ಅವರಿಬ್ಬರಿಗೂ ಗೊತ್ತಿರಲಿಲ್ಲ. ಟೇಪುಗಳಲ್ಲೆಲ್ಲ ಹುಡುಕಿ ನನಗೆ ಸಿಕ್ಕಿದ್ದು ಒಂದು ಕೈ, ಒಂದು ಸೆರಗು. ಈಗ ಹೆಬ್ಬೆರಳು ಮುಟ್ಟಿಸಿದರೆ ಸಾಕು. ಏನೂ ಕಾಣದಿದ್ದರೆ ಏನೂ ಇಲ್ಲವೆಂದು ಗೊತ್ತಾಗುತ್ತದೆ. ಕಂಡರೆ, ಅವಳು ತಟ್ಟೆಯನ್ನು ಮತ್ತೆ ಮರೆಗೆ ತಳ್ಳುವುದು ಕಾಣುತ್ತದೆ.

ಹೆಗಲ ಮೇಲಿದ್ದ ಟವೆಲ್ ತೆಗೆದು ಫೋನಿನ ಮೇಲೆ ಹೊದಿಸಿದೆ. ಅದರಡಿ ಕೈ ತೂರಿಸಿ, ದಿನವೂ ಒತ್ತಿ ಅಭ್ಯಾಸವಾಗಿದ್ದ ಜಾಗಗಳನ್ನು ಒತ್ತುತ್ತಾ ಹೋದೆ. ದೃಶ್ಯ ತೆರೆದುಕೊಂಡಿತು. ಟವೆಲ್ಲಿನ ನೂಲಿನ ಸಂದಿಯಲ್ಲಿ ಬೆಳಕು ಬಂತು. ಮುಖ ತಿರುಗಿಸಿದೆ. ದೃಶ್ಯದ ಜೊತೆಗೆ ಶಬ್ದವೂ ಬರುತ್ತದೆಂಬುದು ನೆನಪಿರಲಿಲ್ಲ. ಹಾಲ್‌ನ ಸದ್ದು ನನ್ನ ಕೈಯೊಳಗಿನಿಂದ ಕೇಳಿಸತೊಡಗಿತು. ಮೊದಲು ಏನೂ ಇಲ್ಲ. ಆಮೇಲೆ ಬಾಳೆ ಎಲೆಯ ಅಂಚು ನೆಲಕ್ಕೆ ತಾಗಿದಂತೆ ಒಂದು ಸದ್ದು. ಅದರ ಹಿಂದೆಯೇ ಕಾಗದದ ಪೊಟ್ಟಣ ಬಿಚ್ಚಿದಂತೆ ಇನ್ನೊಂದು. ಮಗಳು ನನ್ನ ತೋಳು ಹಿಡಿದುಕೊಂಡಳು. ನಾನು ಗುಂಡಿ ಒತ್ತಿದೆ. ಲೆನ್ಸ್ ತಿರುಗುವ ಸಣ್ಣ ಗರಗರ. ನಂತರ ನಿಶ್ಶಬ್ದ.

ಬಾಗಿಲು ತಟ್ಟುವ ಹೊತ್ತಾಯಿತು. ನಾನು ಏಳಲಿಲ್ಲ. ಯಾವ ಕೆಲಸವನ್ನೂ ತಡಮಾಡದ ನಾನು ಅಲ್ಲೇ ಕೂತಿದ್ದೆ. ಈಗಷ್ಟೇ ಅವಳಿಗೆ ನೆಮ್ಮದಿಯಾಗಿ ಕೂರಲು ಆಗಿದೆ ಎನ್ನಿಸುತ್ತಿತ್ತು. ಬೀದಿ ದೀಪಗಳು ಹತ್ತಿದವು. ಎದುರುಮನೆಯವರು ಕಿಟಕಿಯಿಂದ ನೋಡಿ ಪರದೆ ಎಳೆದುಕೊಂಡರು.

"ಸಾಕು ಮಾವ, ಮಗುಗೆ ಹಸಿವಾಗಿದೆ" ಎಂದಳು ಸೊಸೆ ಕೊನೆಗೆ.

ಕೆಮ್ಮಿದೆ. ಬಾಗಿಲು ತಟ್ಟಿದೆ. ಒಳಗೆ ಹೋದೆವು. ದೀಪ ಉರಿಯುತ್ತಿತ್ತು. ಎಲೆಯ ಮೇಲೆ ಬಡಿಸಿದ್ದೆಲ್ಲ ಬಡಿಸಿದ ಹಾಗೇ ಇತ್ತು. ಕಡಲೆಬೀಜದ ಪೊಟ್ಟಣದ ಬಾಯಿ ಮಾತ್ರ ಬಿಚ್ಚಿತ್ತು. ದಾರ ಕಟ್ಟಿರಲಿಲ್ಲ, ಮಡಚಿ ಇಟ್ಟಿದ್ದೆ ಅಷ್ಟೆ ಎಂದಳು ಮಗಳು. ಮಡಿಕೆ ತಾನಾಗಿ ಬಿಚ್ಚಿಕೊಳ್ಳುವುದೂ ಉಂಟು.

ಫೋನಿಗೆ ಸುದ್ದಿ ಬಂದ ಆ ಗಳಿಗೆಯ ತುಣುಕು ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಉಳಿಸಿಕೊಳ್ಳದ ತುಣುಕುಗಳನ್ನು ಕ್ಯಾಮರಾ ಕೆಲವು ದಿನ ಇಟ್ಟುಕೊಂಡು ತಾನೇ ಅಳಿಸುತ್ತದೆ. ಮಗ, ಮಗಳು, ಸೊಸೆ ಮೂವರಿಂದಲೂ ತೆರೆಯುವುದಿಲ್ಲವೆಂದು ಮಾತು ತೆಗೆದುಕೊಂಡೆ. ನಾನೂ ತೆರೆಯಲಿಲ್ಲ. ದಿನವೂ ಬೆಳಿಗ್ಗೆ ಅದು ಇದೆಯೇ ಎಂದು ಮಾತ್ರ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಇರಲಿಲ್ಲ. ಈ ಮನೆಯಲ್ಲಿ ನಾನು ತೆಗೆದು ಇಟ್ಟುಕೊಳ್ಳದೆ ಹೋದದ್ದು ಅದೊಂದೇ.

ಆ ಸಂಜೆ ಎಡೆ ತೆಗೆದ ಮೇಲೆ ಎಲ್ಲರೂ ಊಟಕ್ಕೆ ಕೂತೆವು. ಅವಳ ಎಲೆಯನ್ನು ಸೊಸೆ ನನ್ನ ಮುಂದೆ ಇಟ್ಟಳು. ಮುದ್ದೆ ತಣ್ಣಗಾಗಿತ್ತು. ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗಿಟ್ಟೆ. ಇಳಿಯಲಿಲ್ಲ. ತಲೆ ಎತ್ತಿದೆ. ಕ್ಯಾಮರಾದ ಲೆನ್ಸ್ ಮುಚ್ಚಿಯೇ ಇತ್ತು, ಬರೀ ಬಿಳಿ ಗುಂಡು. ಆದರೂ ಯಾರೋ ನನ್ನ ತುತ್ತನ್ನೇ ನೋಡುತ್ತಿದ್ದಾರೆ ಎನ್ನಿಸುತ್ತಿತ್ತು.

"ಏನಪ್ಪ?" ಎಂದಳು ಮಗಳು.

ಎಂಜಲು ಕೈಯನ್ನು ಮೇಲೆತ್ತಿ ಹಿಡಿದುಕೊಂಡೇ ಎದ್ದೆ. ಎಡಗೈಯಲ್ಲಿ ಟವೆಲ್ ತೆಗೆದು ಕ್ಯಾಮರಾದ ಮೇಲೆ ಹಾಕಿ ಬಂದು ಕೂತೆ. ಆಮೇಲೆ ಊಟ ಇಳಿಯಿತು.