ಗುರುತು ಹಾಕದೆ ಬಿಟ್ಟ ಮರಗಳು

ಊರಿನಲ್ಲಿ ಅವಳನ್ನು ಎಲ್ಲರೂ ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಅರಣ್ಯ ಇಲಾಖೆಯಲ್ಲಿ ಅವಳದು ಮರಗಳಿಗೆ ಗುರುತು ಹಾಕುವ ಕೆಲಸ. ಒಂದು ಕೈಯಲ್ಲಿ ಬಣ್ಣದ ಡಬ್ಬಿ, ಸೊಂಟದಲ್ಲಿ ತೊಗಟೆ ಕೆತ್ತಿ ನೋಡಲು ಸಣ್ಣದೊಂದು ಕೈಗೊಡಲಿ. ಇಷ್ಟು ಹಿಡಿದು ಪೈನ್ ಕಾಡಿನಲ್ಲಿ ದಿನವಿಡೀ ಸುತ್ತಬೇಕು. ಕಡಿಯಲೇಬೇಕಾದ ಮರ ಕಂಡರೆ ಎದೆಮಟ್ಟಕ್ಕೆ ಕೆಂಪು ಪಟ್ಟಿ ಎಳೆಯಬೇಕು. ಅವಳು ಪಟ್ಟಿ ಎಳೆದಳೆಂದರೆ ಆ ಮರದ ಆಯಸ್ಸು ಮುಗಿದ ಹಾಗೆ. ಊರಾಚೆ ಮರ ಕೊಯ್ಯುವ ಸಾಮಿಲ್ಲಿನಲ್ಲಿ ಕೆಲಸಕ್ಕೆ ಚಕ್ಕರ್ ಹೊಡೆಯುವವರಿಗೆ "ತಡಿ, ಬಣ್ಣದಕ್ಕನ ಕೈಲಿ ನಿನಗೊಂದು ಪಟ್ಟಿ ಎಳೆಸ್ತೀನಿ" ಅಂತ ಮೇಸ್ತ್ರಿ ಹೆದರಿಸುತ್ತಿದ್ದ.

ಮನೆಯಲ್ಲಿ ಇದ್ದದ್ದು ಮೂವರು. ಗಂಡ ಮರದ ಲಾರಿ ಓಡಿಸುತ್ತಿದ್ದ. ಅರ್ಧ ವಾರ ರಸ್ತೆಯ ಮೇಲೆ, ಉಳಿದರ್ಧ ಹಾಸಿಗೆಯ ಮೇಲೆ. ಹಾಗಾಗಿ ಮನೆಯಲ್ಲಿ ಮಾತು, ಜಗಳ, ನಗು ಎಲ್ಲಾ ನಡೆಯುತ್ತಿದ್ದದ್ದು ಅವಳ ಮತ್ತು ಮಾವನ ನಡುವೆ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಮನೆಯೊಳಗೇ ಇರುತ್ತಿದ್ದಳು. ಇಲಾಖೆಯಲ್ಲಿ ಜಾಗ ಖಾಲಿ ಇದೆ ಅಂತ ಸುದ್ದಿ ತಂದು, "ಮನೇಲಿ ಕೂತು ನನ್ನ ಮುಖ ಏನು ನೋಡ್ತೀಯಮ್ಮಾ? ಅದನ್ನ ನೋಡಿ ನೋಡಿ ನಂಗೇ ಬೇಜಾರಾಗಿದೆ. ಹೋಗು, ಮರಗಳ ಮುಖ ನೋಡು" ಅಂತ ಹಟ ಹಿಡಿದು ಕಳಿಸಿದ್ದು ಅವರೇ.

ಮಾವನಿಗೆ ಆ ಕಾಡಿನ ಮೇಲೆ ಒಂದು ಹಕ್ಕಿತ್ತು, ಅಥವಾ ಇದೆ ಅಂತ ಅವರು ತಿಳಿದಿದ್ದರು. ಅವರು ಹರೆಯದಲ್ಲಿದ್ದಾಗ ಊರ ಹಿಂದಿನ ಗುಡ್ಡಕ್ಕೆ ಬೆಂಕಿ ಬಿದ್ದು, ಹಳ್ಳದ ಈಚೆ ದಡದಿಂದ ನೆತ್ತಿಯವರೆಗೆ ಬೋಳಾಗಿತ್ತು. ಆಮೇಲೆ ಇಲಾಖೆಯವರು ಸಸಿ ನೆಡಲು ಕೂಲಿಗೆ ಜನ ಕರೆದಾಗ ಹೋದವರಲ್ಲಿ ಅವರೂ ಒಬ್ಬರು. ಹಳ್ಳದ ಮೇಲಿನ ಇಳಿಜಾರು ಪೂರ್ತಿ ಅವರ ತಂಡ ನೆಟ್ಟದ್ದು. ತಂಡದವರೆಲ್ಲ ಒಬ್ಬೊಬ್ಬರಾಗಿ ತೀರಿಕೊಂಡ ಮೇಲೆ ಅದು ತಾನೇ ತಾನಾಗಿ 'ನನ್ನ ಇಳಿಜಾರು' ಆಗಿಬಿಟ್ಟಿತು. ಹಳ್ಳದ ಆಚೆ ಇದ್ದದ್ದು ಹಳೇ ಕಾಡು. ಯಾರೂ ನೆಡದೆ ತಾವಾಗಿಯೇ ಬೆಳೆದ, ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪದ ಪೈನ್ ಮರಗಳು. ಆ ಬೆಂಕಿಗೂ ಅಂಜದೆ ನಿಂತಿದ್ದವು. ಅವುಗಳ ಕಾಯಿ ಆರಿಸಿ, ಬೀಜ ಬಿಡಿಸಿ, ನರ್ಸರಿಯಲ್ಲಿ ಸಸಿ ಮಾಡಿ ಈಚೆ ನೆಟ್ಟಿದ್ದರು. ಹಾಗಾಗಿ ಊರವರು ಆಚೆಯವನ್ನು ಅಜ್ಜಿ ಮರ ಅನ್ನುತ್ತಿದ್ದರು.

ಒಂದು ವರ್ಷ ಮಾವನಿಗೆ ಪಾರ್ಶ್ವವಾಯು ಹೊಡೆದು ಬಲಗಾಲು ಸೋತಿತು. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು ಹೇಳಿದ್ದು ಒಂದೇ ಮಾತು: ನಡೀಬೇಕು, ಕೂತರೆ ಕೂತ ಹಾಗೇ. ಮುದುಕರು ಬೀದಿಯಲ್ಲಿ ನಡೆಯಲು ಒಪ್ಪಲಿಲ್ಲ. "ಎಲ್ಲರೂ 'ಹೇಗಿದೀರಾ' ಅಂತಾರೆ. ಹೇಗಿದೀನಿ ಅಂತ ಕಾಣೋದಿಲ್ವಾ ಅವರಿಗೆ?" ಅಂತ ಮುಖ ಗಂಟು ಹಾಕಿದರು. ಕೊನೆಗೆ ಅವಳೇ ಅವರನ್ನು ಇಳಿಜಾರಿಗೆ ಕರೆದುಕೊಂಡು ಹೋದಳು. ಸಾಲಾಗಿ ನೆಟ್ಟ ಮರಗಳು, ಒಂದರಿಂದ ಇನ್ನೊಂದಕ್ಕೆ ಕೈ ಚಾಚಿದರೆ ಸಿಗುವಷ್ಟು ದೂರ. ಒಂದು ಮರ ಹಿಡಿದು ನಿಂತು, ಉಸಿರೆಳೆದು, ಮುಂದಿನ ಮರಕ್ಕೆ ಕೈ ಹಾಕುವುದು. ಮಗು ಗೋಡೆ ಹಿಡಿದು ನಡಿಗೆ ಕಲಿಯುವ ಹಾಗೆ ಅವರು ಮತ್ತೆ ನಡಿಗೆ ಕಲಿತರು. ಬಲಗೈಗೆ ಅಂಟಿದ ರಾಳವನ್ನು ಮನೆಗೆ ಬಂದು ಹೆಮ್ಮೆಯಿಂದ ತೋರಿಸುತ್ತಿದ್ದರು. ಅವಳು ಎಣ್ಣೆ ಹಚ್ಚಿ ತಿಕ್ಕಿ ತೆಗೆಯುತ್ತಿದ್ದಳು.

ಆ ವರ್ಷವೇ ತೊಗಟೆ ಹುಳು ಬಂತು.

ರೇಂಜರ್ ಮೇಡಂ ಎಲ್ಲರನ್ನೂ ಆಫೀಸಿನ ಅಂಗಳದಲ್ಲಿ ನಿಲ್ಲಿಸಿ ಹೇಳಿದರು. ಹುಳು ಅಕ್ಕಿಕಾಳಿಗಿಂತ ಸಣ್ಣದು. ತೊಗಟೆ ಕೊರೆದು ಒಳಗೆ ಸೇರಿ, ಅಲ್ಲೇ ಮೊಟ್ಟೆಯಿಟ್ಟು, ಚಳಿ ಕಳೆಯುವವರೆಗೆ ಮಲಗಿರುತ್ತದೆ. ಬಿಸಿಲು ಏರಿದೊಡನೆ ಸಾವಿರಾರಾಗಿ ಹಾರಿ ಪಕ್ಕದ ಮರಕ್ಕೆ ಬೀಳುತ್ತದೆ. "ಮರ ಕೆಂಪಾದ ಮೇಲೆ ಕಡಿದು ಪ್ರಯೋಜನ ಇಲ್ಲ, ಆಗಲೇ ಹುಳ ಹಾರಿಹೋಗಿರುತ್ತೆ. ಹಸಿರಾಗಿರುವಾಗಲೇ ಹಿಡೀಬೇಕು. ಬುಡದಲ್ಲಿ ಮರದ ಹಿಟ್ಟು ಉದುರಿದ್ರೆ ಸಾಕು, ಕನಿಕರ ತೋರಿಸ್ಬೇಡಿ. ಆ ಮರ ಹೋದ್ರೆ ಕಾಡು ಉಳಿಯುತ್ತೆ."

ಅವಳಿಗೆ ಇದರಲ್ಲಿ ಅರ್ಥವಾಗದ್ದು ಏನೂ ಇರಲಿಲ್ಲ. ತನ್ನ ಪಾಲಿಗೆ ಬಂದ ಕಡೆಯಲ್ಲೆಲ್ಲ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿ ಪಟ್ಟಿ ಎಳೆದಳು. ಕಡಿದು, ತೊಗಟೆ ಸುಲಿದು, ಸುಟ್ಟರು. ಕೊನೆಗೆ ಉಳಿದದ್ದು ಮಾವನ ಇಳಿಜಾರು.

ಅಲ್ಲಿ, ಮೂರನೇ ಸಾಲಿನ ಒಂದು ಮರದ ಬುಡದಲ್ಲಿ, ಯಾರೋ ರವೆ ಚೆಲ್ಲಿದ ಹಾಗೆ ಹಿಟ್ಟು ಬಿದ್ದಿತ್ತು. ಪಕ್ಕದ ಮರ ನೋಡಿದಳು, ಅಲ್ಲೂ ಇತ್ತು. ಕೆಳಗಿನ ಸಾಲಿನಲ್ಲಿ ಇನ್ನೂ ನಾಲ್ಕಾರು. ತಲೆಯೆತ್ತಿದರೆ ಸೂಜಿಯೆಲೆಗಳು ಗಿಳಿಹಸಿರು. ಡಬ್ಬಿಯ ಮುಚ್ಚಳ ತೆಗೆದು ಕುಂಚ ಅದ್ದಿದಳು. ಅಷ್ಟರಲ್ಲಿ ಮೇಲಿನಿಂದ ಮಾವನ ದನಿ ಕೇಳಿಸಿತು. "ಏನಮ್ಮಾ, ನಮ್ಮೋರೆಲ್ಲಾ ಕ್ಷೇಮವಾ?" ಅವರು ಒಂದು ಮರವನ್ನು ತಬ್ಬಿ ನಿಂತು ಏದುಸಿರು ಬಿಡುತ್ತಾ ನಗುತ್ತಿದ್ದರು.

"ಕ್ಷೇಮ ಮಾವಾ" ಎಂದಳು. ಕುಂಚವನ್ನು ಡಬ್ಬಿಯ ಅಂಚಿಗೆ ಒರೆಸಿ ಮುಚ್ಚಳ ಹಾಕಿದಳು.

ಸಂಜೆ ಆಫೀಸಿನಲ್ಲಿ ಮೇಡಂ ಕೇಳಿದಾಗ, "ಮೇಲಿನ ಇಳಿಜಾರು ಚೆನ್ನಾಗಿದೆ ಮೇಡಂ" ಅಂದುಬಿಟ್ಟಳು. ಗಟ್ಟಿ ಮರ, ರಾಳ ಸುರಿಸಿ ಹುಳುವನ್ನು ತಾನೇ ಮುಳುಗಿಸಬಹುದು. ಚಳಿ ಜೋರಾದರೆ ಒಳಗೇ ಸಾಯಬಹುದು. ಹಾಗಾಗದಿದ್ದರೆ ಬರುವ ವಾರ ಗುರುತು ಹಾಕಿದರಾಯಿತು. ಹೀಗೆ ಒಂದು ಸಮಾಧಾನ ಹೇಳಿಕೊಂಡಳು. ಬರುವ ವಾರ ಬಂತು. ಮಾವ ಅಂದು ಮೊದಲ ಸಲ ಕೋಲಿಲ್ಲದೆ ಇಳಿಜಾರಿನ ತುದಿ ಮುಟ್ಟಿ ಬಂದಿದ್ದರು. ಅದರ ಮುಂದಿನ ವಾರ ಗಂಡನಿಗೆ ಜ್ವರ. ಆಮೇಲೆ ನೆಪಗಳೂ ಬೇಕಾಗಲಿಲ್ಲ. ಆ ಕಡೆ ಕಾಲಿಡುವುದನ್ನೇ ಬಿಟ್ಟಳು. ಚಳಿಗಾಲವಿಡೀ ಕಾಡು ನಿಶ್ಶಬ್ದವಾಗಿತ್ತು. ಊಟ ಮಾಡುವಾಗ, ಬಟ್ಟೆ ಒಗೆಯುವಾಗ, ಆ ತೊಗಟೆಯ ಕೆಳಗೆ ಏನು ನಡೆಯುತ್ತಿದೆಯೋ ಎಂಬ ಯೋಚನೆ ಇದ್ದಕ್ಕಿದ್ದಂತೆ ಬರುತ್ತಿತ್ತು. ಒಮ್ಮೆ ಮೇಡಂ ಎಲ್ಲರೆದುರು, "ನಮ್ಮ ಬಣ್ಣದಕ್ಕನ ಕಡೆ ಅಚ್ಚುಕಟ್ಟು" ಅಂದಾಗ ಅವಳಿಗೆ ನೆಲ ಬಿರಿದು ತನ್ನನ್ನು ನುಂಗಬಾರದೇ ಅನ್ನಿಸಿತ್ತು.

ಬಿಸಿಲು ಏರಿತು. ಮೊದಲು ಮೂರನೇ ಸಾಲಿನ ಆ ಮರ ಹಳದಿಗೆ ತಿರುಗಿತು. ನೋಡುನೋಡುತ್ತಿದ್ದಂತೆ ಇಳಿಜಾರಿನ ನಡುವೆ ತುಕ್ಕು ಹಿಡಿದ ಹಾಗೆ ಕೆಂಪು ಹರಡಿತು. ಅವಳು ಎದ್ದೆನೋ ಬಿದ್ದೆನೋ ಎಂದು ಹಳ್ಳ ದಾಟಿ ಓಡಿದಳು. ಅಜ್ಜಿ ಮರಗಳ ಒರಟು ತೊಗಟೆಯ ತುಂಬ ಜೋಳದ ಅರಳಿನಂಥ ರಾಳದ ಗುಳ್ಳೆಗಳು. ಮರಗಳು ಹೋರಾಡುತ್ತಿದ್ದವು, ಎಷ್ಟೋ ಕಡೆ ಸೋತಿದ್ದವು. ಬುಡದಲ್ಲಿ ಅದೇ ರವೆ, ಈ ಸಲ ಹಿಡಿಹಿಡಿಯಾಗಿ. ಅವಳು ಕೈಗೊಡಲಿಯಿಂದ ಒಂದು ಚಕ್ಕೆ ತೊಗಟೆ ಎಬ್ಬಿಸಿದಳು. ಒಳಗೆ ಬಿಳಿ ಮರಿಹುಳುಗಳು ಕೊರೆದ ದಾರಿಗಳು ಬೇರಿನ ಹಾಗೆ ಹಬ್ಬಿದ್ದವು. ಅಲ್ಲೇ ಬುಡದಲ್ಲಿ ಕೂತಳು. ಅಳು ಬರಲಿಲ್ಲ. ಬಂದಿದ್ದರೆ ಸ್ವಲ್ಪ ಹಗುರವಾಗುತ್ತಿತ್ತೇನೋ.

ಮನೆಗೆ ಬಂದಾಗ ಮಾವ ಜಗಲಿಯ ಮೇಲೆ ಕೂತು ಇಳಿಜಾರನ್ನೇ ನೋಡುತ್ತಿದ್ದರು. ಮುದುಕರು ದಡ್ಡರಲ್ಲ.

"ನಿಂಗೆ ಗೊತ್ತಿತ್ತಾ?" ಅಂತ ಕೇಳಿದರು.

ಅವಳು ಚಪ್ಪಲಿ ಬಿಡುತ್ತಾ ತಲೆ ತಗ್ಗಿಸಿದಳು.

"ಯಾವಾಗಿಂದ?"

"ಚಳಿಗೆ ಮುಂಚೆಯಿಂದ."

"ಯಾಕೆ ಬಿಟ್ಟೆ?"

"ನೀವು... ಆ ಮರ ಹಿಡ್ಕೊಂಡೇ ನಡೀತಾ ಇದ್ರಿ ಮಾವಾ. ಅದನ್ನ ಕಡಿಸೋಕೆ ನನ್ ಕೈ ಬರ್ಲಿಲ್ಲ."

ಅದಕ್ಕೆ ಅವರು ಆಡಿದ ಮಾತು ಅವಳ ಎದೆಯಲ್ಲಿ ಇವತ್ತಿಗೂ ಹಾಗೇ ನಾಟಿಕೊಂಡಿದೆ. "ನಾನು ಕೇಳಿದ್ನಾ? ನಂಗೆ ಕಾಲು ಹೋಗಿತ್ತು, ಬುದ್ಧಿ ಹೋಗಿರ್ಲಿಲ್ಲ. ಒಂದು ಮಾತು ಹೇಳಿದ್ರೆ ನಾನೇ ಬಂದು ಇದನ್ನ ಕಡೀರಿ, ಅದನ್ನ ಕಡೀರಿ ಅಂತ ತೋರಿಸ್ತಿದ್ದೆ. ಆಚೆ ಮರ ಇಲ್ದಿದ್ರೆ ಈಚೆ ಮರ ಎಲ್ಲಿಂದ ಬರ್ತಿತ್ತು? ನನ್ನ ಹೆಸರು ಹೇಳ್ಕೊಂಡು ತಾಯೀನೇ ಕೊಂದ್ಯಲ್ಲಮ್ಮಾ." ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಆಸರೆ ಕೊಡಲು ಅವಳು ಚಾಚಿದ ಕೈಯನ್ನು ನೋಡಲಿಲ್ಲ.

ಮಾರನೆಯ ಬೆಳಗ್ಗೆ ಅವಳು ಎದ್ದಾಗ ಮಾವ ಮನೆಯಲ್ಲಿರಲಿಲ್ಲ. ಇಳಿಜಾರಿಗೆ ಹೋಗಿರಬೇಕು ಅಂದುಕೊಂಡು, ನೇರ ಆಫೀಸಿಗೆ ಹೋಗಿ ಮೇಡಂ ಎದುರು ನಿಂತಳು. ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡ ಮಾತು ಬಾಯಿಗೆ ಬರುವ ಮುಂಚೆಯೇ ಮೇಡಂ, "ಕೂತ್ಕೊಳಿ, ಎಲ್ಲಾ ಗೊತ್ತಾಯ್ತು" ಎಂದರು. "ನಿಮ್ಮ ಮಾವ ಬೆಳಿಗ್ಗೇನೇ ಬಂದಿದ್ರು. ಕುಂಟ್ಕೊಂಡು ಇಲ್ಲೀವರೆಗೂ ನಡ್ಕೊಂಡ್ ಬಂದಿದಾರೆ ಪಾಪ. ಅವರೇ ನಿಮ್ಮ ಕಾಲು ಹಿಡಿದು ಬೇಡ ಅಂದ್ರಂತೆ, ಆಣೆ ಹಾಕಿಸ್ಕೊಂಡ್ರಂತೆ. ನೀವಾದ್ರೂ ಏನು ಮಾಡ್ತೀರಿ."

ಅವಳು ಕೂರಲಿಲ್ಲ. "ಇಲ್ಲ ಮೇಡಂ. ಅವರು ಏನೂ ಕೇಳ್ಲಿಲ್ಲ. ಅವರಿಗೆ ಗೊತ್ತೇ ಇರ್ಲಿಲ್ಲ. ತಪ್ಪು ನಂದೇ, ಸುಳ್ಳು ಹೇಳಿದ್ದೂ ನಾನೇ."

ಮೇಡಂ ಅವಳ ಮುಖವನ್ನೇ ನೋಡಿ ನಿಟ್ಟುಸಿರು ಬಿಟ್ಟರು. "ಅವರು ಅದನ್ನೂ ಹೇಳಿದ್ರು. 'ನಮ್ಮ ಸೊಸೆ ಎಲ್ಲಾ ತನ್ನ ಮೈಮೇಲೆ ಹಾಕ್ಕೊಳ್ತಾಳೆ, ನಂಬಬೇಡಿ' ಅಂತ."

ಅವಳನ್ನು ಕೆಲಸದಿಂದ ತೆಗೆಯಲಿಲ್ಲ. ಮೇಡಂ ಖಾರವಾಗಿ ಎರಡು ಮಾತು ಹೇಳಿ, ಇನ್ನು ಮುಂದೆ ಅವಳ ಜೊತೆ ಗುರುತು ಹಾಕುವ ಇನ್ನೊಬ್ಬನನ್ನೂ ಕಳಿಸುವುದಾಗಿ ತೀರ್ಮಾನಿಸಿದರು. ಅಷ್ಟೇ. ಬೇಸಿಗೆಯೆಲ್ಲ ಕಾಡಿನಲ್ಲಿ ಗರಗಸದ ಸದ್ದು. ಮಾವನ ಇಳಿಜಾರು ಪೂರ್ತಿ ಹೋಯಿತು. ಅಜ್ಜಿ ಮರಗಳಲ್ಲಿ ಅರ್ಧಕ್ಕೂ ಹೆಚ್ಚು ಹೋದವು. ಪ್ರತಿಯೊಂದಕ್ಕೂ ಪಟ್ಟಿ ಎಳೆದದ್ದು ಅವಳೇ. ಜೊತೆಯವನು "ನಾನು ಎಳೀತೀನಿ ಬಿಡಕ್ಕಾ" ಎಂದರೂ ಕುಂಚ ಕೊಡಲಿಲ್ಲ. ತೊಗಟೆಯ ಆಳವಾದ ಸೀಳುಗಳಲ್ಲಿ ಬಣ್ಣ ಇಳಿಯದು, ಎರಡೆರಡು ಸಲ ಬಳಿಯಬೇಕು. ಬಳಿದಳು. ಹುಳು ಕೊನೆಗೆ ಗುಡ್ಡದ ಆ ಕಡೆಯ ರಸ್ತೆಯ ಅಂಚಿನಲ್ಲಿ ನಿಂತಿತು.

ಊರಿನ ಬಾಯಿ ಮುಚ್ಚುವವರು ಯಾರು? ಮುದುಕನ ಹಟಕ್ಕೆ ಕಾಡು ಹೋಯ್ತು ಅಂತ ಆಡಿಕೊಂಡರು. ಕ್ಷೌರದಂಗಡಿಯಲ್ಲಿ ಮೊದಲೆಲ್ಲ ಮಾವನಿಗೆ ಕುರ್ಚಿ ಬಿಟ್ಟುಕೊಡುತ್ತಿದ್ದವರು ಈಗ ಪತ್ರಿಕೆಯಿಂದ ತಲೆ ಎತ್ತುತ್ತಿರಲಿಲ್ಲ. ಒಂದು ದಿನ ಟೀ ಅಂಗಡಿಯ ಮುಂದೆ ಹಾದುಹೋಗುವಾಗ, ಸಾಮಿಲ್ಲಿನ ಮೇಸ್ತ್ರಿ ಅದೇ ಮಾತು ತೆಗೆದದ್ದು ಅವಳ ಕಿವಿಗೆ ಬಿತ್ತು. ಒಳಗೆ ನುಗ್ಗಿ, ಎಲ್ಲರಿಗೂ ಕೇಳುವ ಹಾಗೆ, "ನಮ್ಮ ಮಾವ ಏನೂ ಮಾಡಿಲ್ಲ. ಹುಳ ಇದ್ದದ್ದು ಗೊತ್ತಿದ್ದೂ ಬಿಟ್ಟೋಳು ನಾನು" ಎಂದಳು. ಮೇಸ್ತ್ರಿ ಲೋಟ ಕೆಳಗಿಟ್ಟು, "ಇದ್ರೆ ಇಂಥಾ ಸೊಸೆ ಇರ್ಬೇಕು ಕಣ್ರೋ" ಎಂದ. ಎಲ್ಲರೂ ತಲೆದೂಗಿದರು. ಒಬ್ಬ ಅವಳಿಗೂ ಟೀ ಹೇಳಿದ. ಅದಕ್ಕಿಂತ ಅವರು ಉಗಿದಿದ್ದರೆ ಚೆನ್ನಾಗಿತ್ತು.

ಮನೆಗೆ ಬಂದು ಮಾವನ ಮುಂದೆ ಕೂತಳು. ಆ ಜಗಳದ ನಂತರ ಅವರಿಬ್ಬರ ನಡುವೆ ಉಪ್ಪು, ನೀರು, ಔಷಧಿ ಎಂಬಷ್ಟೇ ಮಾತು ಉಳಿದಿತ್ತು.

"ಯಾಕ್ ಹಾಗೆ ಹೇಳಿದ್ರಿ ಮಾವಾ? ನನ್ ತಪ್ಪನ್ನ ನಂಗೇ ಬಿಡಬಹುದಿತ್ತಲ್ಲ."

"ನಂಗಿನ್ನೂ ಸಿಟ್ಟು ಹೋಗಿಲ್ಲ" ಎಂದರು ಅವರು. "ಹೋಗೋದೂ ಇಲ್ಲ ಅನ್ಸುತ್ತೆ. ಆದ್ರೆ ನಿನ್ನ ತೆಗೆದುಹಾಕಿದ್ರೆ ಉಳಿದಿರೋ ಅಷ್ಟನ್ನ ಯಾರು ನೋಡ್ಕೋತಾರೆ? ಇನ್ನೊಂದ್ಸಲ ಇಂಥಾ ಕೆಲಸ ಮಾಡದೆ ಇರೋಳು ಈ ಊರಲ್ಲಿ ನೀನೊಬ್ಳೇ. ನಂಗೇನು, ನಾಲಕ್ಕು ಜನ ಮಾತಾಡಿಸದಿದ್ರೆ ನೆಮ್ಮದಿ. 'ಹೇಗಿದೀರಾ' ಅಂತ ಕೇಳೋದಾದ್ರೂ ತಪ್ಪಿತು."

ಅವರ ಸಿಟ್ಟನ್ನು ಹೊರಬಹುದಿತ್ತು. ಅವರು ತನಗಾಗಿ ಹೊತ್ತ ಕೆಟ್ಟ ಹೆಸರನ್ನು ಇಳಿಸುವ ದಾರಿಯೇ ಅವಳಿಗೆ ಕಾಣಲಿಲ್ಲ. ಗಂಡನಿಗೆ ಹೇಳಿಕೊಂಡಾಗ ಅವನು, "ಅಪ್ಪ ಒಂದು ಸಲ ಹೇಳಿದ್ಮೇಲೆ ಮುಗೀತು, ನೀನು ಹೇಳಿದ್ರೂ ಯಾರೂ ನಂಬಲ್ಲ" ಎಂದು ಮಗ್ಗುಲು ಬದಲಿಸಿದ್ದ.

ಮಳೆ ಬಿದ್ದ ಮೇಲೆ ಬೋಳು ಇಳಿಜಾರಿನಲ್ಲಿ ಸಸಿ ನೆಡುವ ಕೆಲಸ ಶುರುವಾಯಿತು. ಹುಳು ಮತ್ತೆ ಬಂದರೂ ಎಲ್ಲ ಒಟ್ಟಿಗೇ ಹೋಗಬಾರದೆಂದು ಈ ಸಲ ಪೈನ್ ನಡುವೆ ಬೇರೆ ಜಾತಿಯ ಮರಗಳನ್ನೂ ಬೆರೆಸಿ ನೆಡುವುದಾಗಿ ಮೇಡಂ ಹೇಳಿದರು. ಪೈನ್ ಬೀಜ ಬದುಕುಳಿದ ಅಜ್ಜಿ ಮರಗಳದ್ದು. ಅವಳು ರಜೆಯ ದಿನವೂ ಹಾರೆ ಹಿಡಿದು ಬರುತ್ತಿದ್ದಳು. ಮಾವ ಒಂದು ಬೊಡ್ಡೆಯ ಮೇಲೆ ಕೂತು, "ಅದು ಗುಂಡೀನಾ, ಬಟ್ಟಲಾ? ಇನ್ನೂ ಆಳಕ್ಕೆ ತೆಗೀರೋ" ಎಂದು ಕೂಲಿಯವರ ಮೇಲೆ ರೇಗುತ್ತಿದ್ದರು.

ಕೆಳಗಿನ ದಾರಿಯಲ್ಲಿ ಹೋಗುತ್ತಿದ್ದ ಸಾಮಿಲ್ಲಿನ ಟ್ರ್ಯಾಕ್ಟರಿನಿಂದ ಯಾರೋ ಕೂಗಿದರು. "ಏನ್ ತಾತಾ, ಇದನ್ನಾದ್ರೂ ಕಡಿಯೋಕೆ ಬಿಡ್ತೀರಾ?"

ಮಾವ ಕೋಲೆತ್ತಿ ತೋರಿಸಿ ಜೋರಾಗಿ ನಕ್ಕರು. "ನೀನು ಮುದುಕನಾಗು, ಆಗ ಬಾ, ಹೇಳ್ತೀನಿ!" ಕೂಲಿಯವರೂ ನಕ್ಕರು.

ಬಣ್ಣದಕ್ಕ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಸಸಿಯ ಬೇರು ಮಡಚದ ಹಾಗೆ ಗುಂಡಿಗಿಳಿಸಿ, ಮಣ್ಣು ತುಂಬಿ, ಅಂಗೈಯಿಂದ ಒತ್ತಿ, ಹಾರೆ ಎತ್ತಿಕೊಂಡು ಮುಂದಿನ ಜಾಗಕ್ಕೆ ಸರಿದಳು.