ಹೊಟ್ಟೆಗೆ ಬಡಿದ ಚೆಂಡು

ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವವನು ಮಾತಾಡುವಂತಿಲ್ಲ. ಒಂದೊಂದು ಸುರುಳಿಗೂ ಇಷ್ಟೇ ಸುತ್ತು ಎಂಬ ಲೆಕ್ಕವಿದೆ. ನಡುವೆ ಯಾರಾದರೂ ಊಟ ಆಯ್ತಾ ಎಂದು ಕೇಳಿ, ಇವನು ಆಯ್ತು ಎಂದನೋ, ಲೆಕ್ಕ ಕೈತಪ್ಪಿತು. ಸುತ್ತಿದ್ದನ್ನೆಲ್ಲ ಬಿಚ್ಚಿ ಮತ್ತೆ ಒಂದರಿಂದ ಶುರು. ಆದ್ದರಿಂದ ವೈಂಡಿಂಗಣ್ಣ ವಾರದಲ್ಲಿ ಆರು ದಿನ ಬಾಯಿಗೆ ಬೀಗ ಹಾಕಿಕೊಂಡು ದುಡಿಯುತ್ತಿದ್ದ. ಹೆಂಡತಿ ಕರೆದರೆ ಒಂದು ಹುಬ್ಬು ಏರಿಸುವುದು, ಗಿರಾಕಿ ಬಂದರೆ ಗಲ್ಲದಿಂದ ಸ್ಟೂಲು ತೋರಿಸುವುದು, ಅಷ್ಟೇ. ಆಡದೆ ಉಳಿದ ಮಾತೆಲ್ಲ ಗಂಟಲಲ್ಲೇ ಕೂತು ಹುಳಿಯಾಗಿ, ಏಳನೆಯ ದಿನ ಫುಟ್‌ಬಾಲ್ ಮೈದಾನದಲ್ಲಿ ಹೊರಬೀಳುತ್ತಿತ್ತು.

ಅವನ ದನಿಯೋ, ಬಹಳ ದಿನ ನಿಂತಿದ್ದ ಪಂಪ್‌ಸೆಟ್ಟು ಸ್ಟಾರ್ಟ್ ಆಗುವಾಗ ಬರುವ ಸದ್ದು. ಒಮ್ಮೆ ಕೇಳಿದವರು ಮರೆಯುತ್ತಿರಲಿಲ್ಲ.

ಕ್ಲಬ್ಬು ದೊಡ್ಡದೇನಲ್ಲ. ಎರಡನೆಯ ಡಿವಿಷನ್ನಿನಲ್ಲಿ ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ, ಗೋಡೆಯ ಮೇಲಿನ ಬೆಕ್ಕಿನಂತೆ ವರ್ಷಗಟ್ಟಲೆ ಕೂತಿತ್ತು. ಆಟಗಾರರೆಲ್ಲ ಬೇರೆ ಕಡೆ ದುಡಿದು ಬಂದು ಆಡುವವರು. ಎಡಗಡೆಯಲ್ಲಿ ಎದುರಾಳಿಗಳನ್ನು ತಡೆಯುವ ಬ್ಯಾಕ್ ಬೇಕರಿಯವನು. ಬೆಳಗಿನ ಜಾವದಿಂದ ಸೈಕಲ್ಲಿನಲ್ಲಿ ಮನೆಮನೆಗೆ ಬ್ರೆಡ್ಡು ಹಾಕಿ ಬರುತ್ತಿದ್ದ. ಕಾಲಲ್ಲಿ ಕುದುರೆಯ ಕಸುವಿತ್ತು, ಆದರೆ ಮಧ್ಯಾಹ್ನವಾದರೆ ನಿಂತಲ್ಲೇ ತೂಕಡಿಕೆ. ಚೆಂಡು ಆಚೆ ಕಡೆ ಹೋಯಿತೆಂದರೆ ತನ್ನ ಜಾಗ ಬಿಟ್ಟು, ಜಾತ್ರೆಯಲ್ಲಿ ಕಳೆದುಹೋದವನ ಹಾಗೆ ಮೈದಾನದ ನಡುವಿಗೆ ನಡೆದುಬಿಡುತ್ತಿದ್ದ. ಆಗ ಪ್ರೇಕ್ಷಕರ ಸಾಲಿನ ಕೆಳಗಿನ ಮೆಟ್ಟಿಲಿನಿಂದ, ಎಲ್ಲಿಗೆ ಹೊರಟ್ಯೋ, ಮಾವನ ಮನೆಗಾ ಎಂದು ವೈಂಡಿಂಗಣ್ಣನ ಗುಡುಗು ಬೀಳುತ್ತಿತ್ತು. ಬ್ರೆಡ್ಡಿನವನು ಬೆಚ್ಚಿ ಓಡಿ ಬಂದು ಗೋಲಿನ ಕಂಬದ ಪಕ್ಕ ನಿಲ್ಲುತ್ತಿದ್ದ. ಹಾಫ್‌ಟೈಮಿನಲ್ಲಿ ತಂಡಗಳು ಜಾಗ ಬದಲಿಸಿದರೆ ವೈಂಡಿಂಗಣ್ಣನೂ ಚೀಲ ಎತ್ತಿಕೊಂಡು ಆಚೆ ತುದಿಗೆ ಹೋಗಿ ಕೂರುತ್ತಿದ್ದ, ಅವನ ಬೆನ್ನು ಬಿಡುತ್ತಿರಲಿಲ್ಲ.

ಆ ಸೀಸನ್ನಿನ ಮೂರನೆಯ ಪಂದ್ಯದಲ್ಲಿ ಎಡವಟ್ಟಾಯಿತು. ಎರಡೂ ಕಡೆ ಒಂದೊಂದು ಗೋಲು, ಆಟ ಮುಗಿಯುತ್ತ ಬಂದಿತ್ತು. ಬ್ರೆಡ್ಡಿನವನು ಮತ್ತೆ ನಡುವಿಗೆ ಹೊರಟ. ಬಾಯಲ್ಲಿ ಹೇಳಿ ತಿಳಿಯದವನಿಗೆ ನಿಂತೇ ತೋರಿಸುತ್ತೇನೆ ಎಂದು ವೈಂಡಿಂಗಣ್ಣ ಹಗ್ಗ ದಾಟಿ ಒಳಗೆ ನುಗ್ಗಿದ. ಬ್ಯಾಕ್ ನಿಲ್ಲಬೇಕಾದ ಜಾಗದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು, "ಇಲ್ಲಿ ಕಣೋ, ಇಲ್ಲಿ ನಿಲ್ಲೋದು" ಎಂದು ಹೇಳಿ ಮುಗಿಸುವಷ್ಟರಲ್ಲಿ, ಎದುರು ತಂಡದವನು ಒದ್ದ ಚೆಂಡು ಬಂದು ಅವನ ಹೊಟ್ಟೆಗೆ ಬಡಿದು ಹೊರಗೆ ಹೋಯಿತು. ಅವನಿಲ್ಲದಿದ್ದರೆ ಅದು ಖಂಡಿತ ಗೋಲು.

ಜಾಗ ಸರಿಯಾಗಿಯೇ ತೋರಿಸಿದ್ದ ಎಂಬುದಕ್ಕೆ ಇನ್ನೆಂಥ ಸಾಕ್ಷಿ ಬೇಕು? ಆದರೆ ಫುಟ್‌ಬಾಲ್ ಸಂಘದ ದೊಡ್ಡ ಮನುಷ್ಯರು ಸಾಕ್ಷಿ ನೋಡುವವರಲ್ಲ. ಆ ಡ್ರಾದಿಂದ ಸಿಕ್ಕಿದ್ದ ಒಂದು ಅಂಕವನ್ನು ಕಿತ್ತುಕೊಂಡರು. ವೈಂಡಿಂಗಣ್ಣ ಆ ವರ್ಷ ಗೇಟಿನೊಳಗೆ ಕಾಲಿಡಕೂಡದು ಎಂದರು. ಮುಂದಿನ ಪಂದ್ಯಕ್ಕೆ ಅವನು ಗೋಡೆಯಾಚೆ ತಳ್ಳುಗಾಡಿಯ ಮೇಲೆ ನಿಂತು ಕೂಗಿದ. ಅದಕ್ಕೆ ಎರಡನೆಯ ಅಪ್ಪಣೆ ಬಂತು: ಪಂದ್ಯದ ಹೊತ್ತಿನಲ್ಲಿ ಈ ಮನುಷ್ಯನ ದನಿ ಎಲ್ಲಿಂದ ಕೇಳಿಸಿದರೂ ಸರಿ, ಇನ್ನೂ ಮೂರು ಅಂಕ ಕತ್ತರಿಸಲಾಗುವುದು.

ಅಲ್ಲಿಂದ ಕ್ಲಬ್ಬಿನ ಗ್ರಹಚಾರ ಕೆಟ್ಟಿತು. ಮೊದಲ ಕೋಚು ಕ್ಯಾಪ್ಟನ್ನಿನ ಜತೆ ಜಗಳವಾಡಿ, ಇದ್ದಬದ್ದ ಚೆಂಡುಗಳನ್ನೆಲ್ಲ ಸ್ಕೂಟರಿಗೆ ಕಟ್ಟಿಕೊಂಡು ಹೊರಟುಹೋದ. ಎರಡನೆಯವನು ಖಾಲಿ ಹೊಟ್ಟೆಯಲ್ಲಿ ಆಡಿದರೆ ಕಾಲು ಹಗುರಾಗುತ್ತದೆ ಎಂದು ನಂಬಿದ್ದ. ಹಗುರಾದ ಇಬ್ಬರನ್ನು ಎತ್ತಿಕೊಂಡೇ ಹೊರಗೆ ತರಬೇಕಾಯಿತು. ಗೋಲು ಕಾಯುವವನಿಗೆ ಮದುವೆ ಗೊತ್ತಾಯಿತು. ಫೋಟೋ ತೆಗೆಸುವ ತನಕ ಮುಖಕ್ಕೆ ಗಾಯವಾಗಬಾರದೆಂದು ಅವನು ಚೆಂಡಿಗೆ ಹಾರುವುದನ್ನೇ ಬಿಟ್ಟು, ಬಂದ ಗೋಲುಗಳನ್ನೆಲ್ಲ ಗೌರವದಿಂದ ಒಳಗೆ ಬಿಟ್ಟುಕೊಂಡ. ಕೊನೆಗೆ ಯಾರೂ ಸಿಗದೆ ಕ್ಲಬ್ಬಿನ ಕಾರ್ಯದರ್ಶಿಯೇ ಕೋಚಾದ. ಕಟ್ಟಕಡೆಗೆ ನಿಂತ ಒಂದು ತಂಡ ಕೆಳಗಿನ ಡಿವಿಷನ್ನಿಗೆ ಬೀಳಬೇಕು. ಆ ಜಾಗ ಇವರಿಗೇ ಗಟ್ಟಿಯಾದಂತೆ ಕಂಡಿತು.

ಊರಿನ ಬಾಯಿಗೆ ವೈಂಡಿಂಗಣ್ಣ ಸಿಕ್ಕಿಬಿದ್ದ. ಎದುರಂಗಡಿಯ ಕ್ಷೌರಿಕ ದಿನಾ ಬಾಗಿಲು ತೆಗೆಯುವಾಗ, "ಏನಣ್ಣಾ, ಹೊಟ್ಟೆ ಹೇಗಿದೆ? ಅಂಕ ಜೀರ್ಣ ಆಯ್ತಾ?" ಎಂದು ವಿಚಾರಿಸುತ್ತಿದ್ದ. ಅದೂ ಇವನು ಎಣಿಸುತ್ತಿರುವ ಹೊತ್ತನ್ನೇ ನೋಡಿ. ಮೂಗಿನ ತುದಿಯಲ್ಲಿ ಕೋಪವಿದ್ದರೂ ವೈಂಡಿಂಗಣ್ಣ ಉತ್ತರ ಕೊಡುವಂತಿರಲಿಲ್ಲ. ಕ್ಲಬ್ಬು ಒಂದೇ ಅಂಕದಿಂದ ಬಿದ್ದರೆ ಅದು ತನ್ನ ಹೊಟ್ಟೆಗೆ ಬಡಿದ ಅಂಕವೇ ಎಂಬುದು ಅವನಿಗೆ ಅನ್ನದಲ್ಲಿ ಕಲ್ಲು ಸಿಕ್ಕಂತೆ ದಿನಾ ತಾಗುತ್ತಿತ್ತು.

ಒಂದು ದಿನ ಬ್ರೆಡ್ಡಿನವನೇ ಅಂಗಡಿಗೆ ಬಂದ. ಬಂದವನು ನಿಂತಲ್ಲೇ ತನ್ನ ಗೋಳೆಲ್ಲ ತೋಡಿಕೊಂಡ. ವೈಂಡಿಂಗಣ್ಣ ತುಟಿ ಅಲ್ಲಾಡಿಸುತ್ತ ತಂತಿ ಸುತ್ತುತ್ತಲೇ ಇದ್ದ. ಅವನ ಮಾತು ಮುಗಿದು, ಕಣ್ಣೊರೆಸಿಕೊಂಡದ್ದೂ ಆದಮೇಲೆ, ಸುರುಳಿಗೆ ದಾರ ಬಿಗಿದು ಗಂಟು ಹಾಕಿ ತಲೆಯೆತ್ತಿ, "ಹಾಂ, ಈಗ ಹೇಳು, ಏನಂದೆ?" ಎಂದ. ಪಾಪ, ಮೊದಲಿಂದ ಹೇಳಬೇಕಾಯಿತು.

"ಅಣ್ಣಾ, ನೀವು ಬೈದ್ರೇನೇ ನಾನೆಲ್ಲಿದ್ದೀನಿ ಅಂತ ನನಗೆ ಗೊತ್ತಾಗೋದು. ಈಗ ಮೈದಾನ ಬಿಕೋ ಅನ್ನುತ್ತೆ. ನಿದ್ದೆ ಬರುತ್ತೆ."

"ಬಾಯಿ ಬಿಟ್ರೆ ಮೂರು ಅಂಕ ಹೋಗುತ್ತೆ ಕಣೋ."

"ಹಂಗಾದ್ರೆ ಇಲ್ಲೇ ಬೈದುಬಿಡಿ. ನೆನಪಿಟ್ಕೊಂಡು ಆಡ್ತೀನಿ."

ಒಳ್ಳೆಯ ಉಪಾಯವೇ. ಅಂದಿನಿಂದ ಪ್ರತಿ ಪಂದ್ಯಕ್ಕೆ ಮೊದಲು ಬ್ರೆಡ್ಡಿನವನು ಅಂಗಡಿಗೆ ಬಂದು, ಸ್ಟೂಲಿನ ಮೇಲೆ ಕೂತು, ತಲೆ ತಗ್ಗಿಸಿ ಸಾಕಷ್ಟು ಬೈಸಿಕೊಂಡು ಹೋಗುತ್ತಿದ್ದ. ಕ್ಲಬ್ಬಿಗೆ ಅಷ್ಟಿಷ್ಟು ಅಂಕ ಬರತೊಡಗಿತು. ಆದರೆ ಬೈಗುಳದ ಕಾವು ಹಾಫ್‌ಟೈಮಿನವರೆಗೆ ಮಾತ್ರ ಇರುತ್ತಿತ್ತು. ಆಮೇಲೆ ಆರಿಹೋಗಿ ಅವನು ಮತ್ತೆ ನಡುವಿಗೆ ನಡೆಯುತ್ತಿದ್ದ.

ಇದನ್ನೆಲ್ಲ ಕಣ್ಣಾರೆ ನೋಡದೆ ವೈಂಡಿಂಗಣ್ಣನಿಗೆ ಇರಲಾಗಲಿಲ್ಲ. ಮೈದಾನದ ಗೋಡೆಗೆ ಅಂಟಿಕೊಂಡಂತೆ ಅವನ ಅಕ್ಕನ ಮಹಡಿ ಮನೆ. ಅಕ್ಕ ಶಾಲಾಮಕ್ಕಳ ಸಮವಸ್ತ್ರ ಹೊಲಿಯುವವಳು, ಗಂಡ ಸತ್ತ ಮೇಲೆ ಒಬ್ಬಳೇ. ಬೆಳಕಿಗೆಂದು ಹೊಲಿಗೆ ಮೆಷಿನ್ನನ್ನು ಕಿಟಕಿಗೆ ಹಾಕಿಕೊಂಡಿದ್ದಳು. ಆ ಕಿಟಕಿಯ ಕೆಳಗೇ, ದ್ವಿತೀಯಾರ್ಧದಲ್ಲಿ ಎಡಗಡೆಯ ಬ್ಯಾಕ್ ಆಡುವ ಜಾಗ. ಹುಡುಗರಾಗಿದ್ದಾಗ ಅಕ್ಕತಮ್ಮ ಜಗಳವಾಡಿದರೆ ಯಾರು ಯಾರಿಗೆ ಬೈಯುತ್ತಿದ್ದಾರೆಂದು ಒಳಗಿದ್ದ ಅಮ್ಮನಿಗೆ ತಿಳಿಯುತ್ತಿರಲಿಲ್ಲವಂತೆ. ಆದರೆ ಮದುವೆಯಾದ ಮೇಲೆ ಅಕ್ಕ ಮೆತ್ತಗೆ ಮಾತಾಡುವುದನ್ನು ರೂಢಿ ಮಾಡಿಕೊಂಡಿದ್ದಳು. ಮೆತ್ತಗೇ ಹೇಳಿದಳು:

"ಬಾರಪ್ಪ, ಕೂತ್ಕೋ. ಆದ್ರೆ ಒಂದು ಸೊಲ್ಲು ಎತ್ತಿದ್ರೂ ಮೆಟ್ಟಿಲಿಂದ ಕೆಳಗೆ ತಳ್ತೀನಿ."

ಬಾಯಿ ಮುಚ್ಚಿಕೊಳ್ಳಲು ಅವನಿಗೆ ಗೊತ್ತಿದ್ದುದು ಒಂದೇ ದಾರಿ. ಸುಟ್ಟ ಸೀಲಿಂಗ್ ಫ್ಯಾನುಗಳನ್ನು ಚೀಲದಲ್ಲಿ ಹೊತ್ತು ತಂದು, ಕಿಟಕಿಯಲ್ಲಿ ಕೂತು ತಂತಿ ಸುತ್ತಲು ಶುರುಮಾಡಿದ. ಕಣ್ಣು ಮೈದಾನದಲ್ಲಿ, ಲೆಕ್ಕ ತುಟಿಯಲ್ಲಿ, ಬೈಗುಳ ಹೊಟ್ಟೆಯಲ್ಲಿ. ಬಾಯೇನೋ ಮುಚ್ಚಿತು. ಆದರೆ ಆ ಫ್ಯಾನುಗಳು ಮನೆಮನೆಗೆ ಹೋಗಿ ಉಲ್ಟಾ ತಿರುಗಿದವು. ಗೋಲು ಬಿದ್ದ ಗಳಿಗೆಯಲ್ಲಿ ಅವನ ಕೈ ಯಾವ ತುದಿಯನ್ನು ಯಾವುದಕ್ಕೆ ಸೇರಿಸುತ್ತಿತ್ತೋ ಅವನಿಗೇ ತಿಳಿಯದು. ಕ್ಷೌರಿಕನ ಫ್ಯಾನು ಕುರ್ಚಿಯಲ್ಲಿ ಕೂತವರನ್ನು ಬಿಟ್ಟು ಚಾವಣಿಗೆ ಗಾಳಿ ಬೀಸತೊಡಗಿತು. ಅದನ್ನು ಬೇಕೆಂದೇ ಹಾಗೆ ಮಾಡಿದ್ದು ಎಂದು ಆಡಿಕೊಂಡವರಿದ್ದಾರೆ, ವೈಂಡಿಂಗಣ್ಣ ಅಲ್ಲಗಳೆಯಲಿಲ್ಲ. ರಿಪೇರಿಗೆ ಕೊಟ್ಟ ಫ್ಯಾನನ್ನು ತೆಗೆದುಕೊಂಡು ಹೋಗುವಾಗ, ಇದು ಪಂದ್ಯದ ದಿನದ್ದಾ, ಬೇರೆ ದಿನದ್ದಾ ಎಂದು ಜನ ಕೇಳುವುದು ಶುರುವಾಯಿತು.

ಅಕ್ಕನಿಗೆ ಆಟದ ಗಂಧಗಾಳಿ ಇರಲಿಲ್ಲ. ಮೊದಮೊದಲು ಆಟಗಾರರ ಚಡ್ಡಿಯ ಹೊಲಿಗೆ ನೋಡಿ ಹೊಟ್ಟೆ ಉರಿದುಕೊಳ್ಳುತ್ತಿದ್ದಳು, ಅಷ್ಟೇ. ಬರಬರುತ್ತ ಮೆಷಿನ್ ನಿಲ್ಲಿಸಿ ನೋಡುವುದು ಹೆಚ್ಚಾಯಿತು. ಆ ಬ್ರೆಡ್ಡಿನ ಹುಡುಗ ಯಾಕೋ ಜಾಗ ಬಿಟ್ಟು ಹೋಗ್ತಾನೆ ಎಂದು ಕೇಳಿದರೆ ತಮ್ಮ ಎಣಿಸುತ್ತಿರುತ್ತಿದ್ದ, ಉತ್ತರವಿಲ್ಲ. ತಾನೇ ನೋಡಿ ನೋಡಿ ಕಲಿತಳು. ಒಂದು ಶಾಲೆಯ ಅಂಗಿಗಳ ತೋಳುಗಳೆಲ್ಲ ಆ ತಿಂಗಳು ಎಡಬಲ ತಪ್ಪಿ ಹೋದವು.

ಕೊನೆಯ ಪಂದ್ಯಕ್ಕೆ ನದಿಯಾಚೆಯ ಕ್ಲಬ್ಬು ಬಂತು. ಪಟ್ಟಿಯ ತಳದಲ್ಲಿ ಇಬ್ಬರಿಗೂ ಅಂಕ ಸಮ, ಹೊಡೆದ ಗೋಲಿನಲ್ಲಿ ಅವರು ಮುಂದೆ. ಡ್ರಾ ಆದರೆ ಅವರು ಉಳಿಯುತ್ತಾರೆ, ಇವರು ಬೀಳುತ್ತಾರೆ. ಇವರು ಗೆಲ್ಲಲೇಬೇಕು. ಕಿತ್ತುಕೊಂಡ ಆ ಒಂದು ಅಂಕ ಇದ್ದಿದ್ದರೆ ಡ್ರಾ ಸಾಕಿತ್ತು. ಇದನ್ನು ಕ್ಷೌರಿಕ ಬೆಳಿಗ್ಗೆಯೇ ಬೀದಿಗೆಲ್ಲ ಬಿಡಿಸಿ ಹೇಳಿದ್ದ. ಸಾಲದ್ದಕ್ಕೆ ರೆಫರಿಯಾಗಿ ಬಂದವನು ಮೂರನೆಯ ಪಂದ್ಯದ ಅದೇ ರೆಫರಿ.

ವೈಂಡಿಂಗಣ್ಣನಿಗೆ ಆ ದಿನ ತನ್ನ ಬಾಯಿಯ ಮೇಲೆ ನಂಬಿಕೆ ಬರಲಿಲ್ಲ. ಎಣಿಕೆಯೊಂದೇ ಸಾಲದೆಂದು, ತಂತಿಗೆ ಸುತ್ತುವ ಕಪ್ಪು ಟೇಪನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಯವರೆಗೆ, ಮೀಸೆಯ ಮೇಲೆಯೇ ಅಂಟಿಸಿಕೊಂಡ. ಅಕ್ಕ ಕತ್ತರಿ ಹಿಡಿದು ನಿಂತು ನೋಡಿದಳು.

"ಉಸಿರಾಡೋಕಾಗುತ್ತೇನೋ?"

ತಲೆಯಾಡಿಸಿದ. ಫ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಎಣಿಸಲು ಕೂತ.

ಗೋಲು ಕಾಯುವವನ ಮದುವೆ ಮುಗಿದಿತ್ತು. ಫೋಟೋದ ಭಯವಿಲ್ಲದೆ ಅವನು ಹುಚ್ಚುಹಿಡಿದವನಂತೆ ಎತ್ತೆಂದರತ್ತ ಹಾರಿ ಚೆಂಡು ಹಿಡಿದ. ದ್ವಿತೀಯಾರ್ಧದಲ್ಲಿ ಇವರ ಕಾರ್ನರ್ ಒದೆತವೊಂದು ನದಿಯಾಚೆಯವನೊಬ್ಬನ ಹಿಂದಲೆಗೆ ಬಡಿದು, ಅವನಿಗೇ ತಿಳಿಯದಂತೆ ಅವರದೇ ಗೋಲಿನೊಳಗೆ ಹೋಯಿತು. ಒಂದು-ಸೊನ್ನೆ. ಅಲ್ಲಿಂದ ಮುಂದೆ ಆಟವೆಲ್ಲ ಇವರ ಗೋಲಿನ ಮುಂದೆಯೇ. ಕಾರ್ಯದರ್ಶಿ ಗಡಿಯಾರ ನೋಡಲಾರದೆ ಬೆನ್ನು ತಿರುಗಿಸಿ ನಿಂತುಬಿಟ್ಟ.

ಕೊನೆಯ ಗಳಿಗೆಯಲ್ಲಿ ಚೆಂಡು ಬಲಗಡೆಗೆ ಹೋಯಿತು. ಬ್ರೆಡ್ಡಿನವನ ಕಾವು ಯಾವಾಗಲೋ ಆರಿಹೋಗಿತ್ತು. ನಿಧಾನಕ್ಕೆ ನಡುವಿಗೆ ಹೊರಟ. ಅವನು ಬಿಟ್ಟುಹೋದ ಜಾಗಕ್ಕೆ ನದಿಯಾಚೆಯವನೊಬ್ಬ ಕಳ್ಳನಂತೆ ನುಸುಳಿ ಕೈಯೆತ್ತಿ ಚೆಂಡು ಕೇಳಿದ. ಕಿಟಕಿಯಲ್ಲಿ ವೈಂಡಿಂಗಣ್ಣನ ಎಣಿಕೆ ನಿಂತಿತು. ಟೇಪಿನ ಹಿಂದೆ ಕೆನ್ನೆಗಳು ಬಲೂನಿನಂತೆ ಉಬ್ಬಿದವು, ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಆ ದನಿ ಮೈದಾನದ ಮೇಲೆ ಸಿಡಿಯಿತು:

"ಲೋ ಬ್ರೆಡ್ಡು! ಎಲ್ಲಿಗೆ ಹೊರಟ್ಯೋ, ಮಾವನ ಮನೆಗಾ? ಕಂಬದ ಹತ್ರ ನಿಲ್ಲೋ ಕತ್ತೆ!"

ಬ್ರೆಡ್ಡಿನವನ ಕಾಲು ತಲೆಯನ್ನು ಕೇಳಲಿಲ್ಲ. ಹಿಂದುಮುಂದು ನೋಡದೆ ಓಡಿ ಬಂದು ಕಂಬದ ಪಕ್ಕ ನಿಂತ. ನಿಂತದ್ದೇ ತಡ, ಚೆಂಡು ಬಂದು ಸರಿಯಾಗಿ ಅವನ ಹೊಟ್ಟೆಗೆ ಬಡಿದು ಹೊರಗೆ ಹಾರಿತು. ರೆಫರಿ ಆಟ ಮುಗಿದ ಸೀಟಿ ಊದಿದ.

ಕುಣಿಯಲು ಹೊರಟವರು ಅರ್ಧಕ್ಕೇ ನಿಂತರು. ನದಿಯಾಚೆಯವರು ರೆಫರಿಯನ್ನು ಸುತ್ತುವರಿದಿದ್ದರು. ಅದು ಅವನದೇ ದನಿ, ಇಡೀ ಮೈದಾನ ಕೇಳಿದೆ, ಮೂರು ಅಂಕ ಕತ್ತರಿಸಿ ಎಂದು ಪಟ್ಟುಹಿಡಿದರು. ರೆಫರಿಗೂ ಅನುಮಾನವಿರಲಿಲ್ಲ, ಆ ದನಿ ಅವನ ಕನಸಿನಲ್ಲೂ ಬರುತ್ತಿತ್ತು. ಎಲ್ಲರನ್ನೂ ಹಿಂದೆ ಹಾಕಿಕೊಂಡು ಕಿಟಕಿಯ ಕೆಳಗೆ ಬಂದು ತಲೆಯೆತ್ತಿದ.

ಕಿಟಕಿಯಲ್ಲಿ ವೈಂಡಿಂಗಣ್ಣ ಕೂತಿದ್ದ. ಎರಡೂ ಕೈ ತಂತಿಯಲ್ಲಿ ಸಿಕ್ಕಿಕೊಂಡಿದ್ದವು. ಬಾಯಿಯ ಮೇಲೆ ಅಗಲವಾದ ಕಪ್ಪು ಟೇಪು. ಪಕ್ಕದಲ್ಲಿ ಕತ್ತರಿ ಹಿಡಿದ ಹೆಂಗಸು, ಕೊರಳಲ್ಲಿ ಅಳತೆಯ ಪಟ್ಟಿ.

"ಕೂಗಿದ್ದು ಯಾರು?" ಎಂದ ರೆಫರಿ.

"ನಾನು. ನನ್ನ ಮನೆ, ನನ್ನ ಕಿಟಕಿ," ಎಂದಳು ಅಕ್ಕ, ಮೆತ್ತಗೆ. ಆಮೇಲೆ ಆ ಇನ್ನೊಂದು ದನಿಯಲ್ಲಿ, "ಇನ್ನೊಂದು ಸಲ ಕೇಳಿಸ್ಲಾ?"

ರೆಫರಿ ಎರಡು ಹೆಜ್ಜೆ ಹಿಂದೆ ಸರಿದ. ಅಪ್ಪಣೆಯಲ್ಲಿ ಈ ಮನುಷ್ಯನ ದನಿ ಎಂದಿತ್ತೇ ಹೊರತು ಅವನ ಅಕ್ಕನ ದನಿ ಎಂದಿರಲಿಲ್ಲ. ಕಾರ್ಯದರ್ಶಿ ಅದನ್ನು ಅವನಿಗೆ ಬಹಳ ವಿನಯದಿಂದ ನೆನಪಿಸಿದ. ಕ್ಲಬ್ಬು ಉಳಿಯಿತು. ಟೇಪು ಕಿತ್ತಾಗ ಅದರ ಜತೆ ವೈಂಡಿಂಗಣ್ಣನ ಅರ್ಧ ಮೀಸೆಯೂ ಬಂತು. ಉಳಿದರ್ಧವನ್ನು ಕ್ಷೌರಿಕ ಬಿಟ್ಟಿಯಾಗಿ ತೆಗೆದುಕೊಟ್ಟ, ಅಂಕದ ಮಾತೆತ್ತದೆ.

ಮುಂದಿನ ಸೀಸನ್ನಿಗೆ ಗೇಟು ತೆರೆಯಿತು. ಮೀಸೆಯೂ ಚಿಗುರಿತ್ತು. ವೈಂಡಿಂಗಣ್ಣ ಒಂದು ವರ್ಷದ ಮಾತನ್ನೆಲ್ಲ ಗಂಟಲಲ್ಲಿ ತುಂಬಿಕೊಂಡು ಬಂದು ಕೆಳಗಿನ ಮೆಟ್ಟಿಲಿನ ಮೇಲೆ ಕೂತ. ಬ್ರೆಡ್ಡಿನವನು ಎಂದಿನಂತೆ ನಡುವಿಗೆ ಹೊರಟ. ಇವನು ಎದ್ದು ನಿಂತು ಮೈದಾನ ಅದುರುವಂತೆ ಕೂಗಿದ. ಬ್ರೆಡ್ಡಿನವನು ಥಟ್ಟನೆ ನಿಂತ. ಆದರೆ ಇವನ ಕಡೆ ತಿರುಗಲೇ ಇಲ್ಲ, ತಲೆಯೆತ್ತಿ ಮಹಡಿಯ ಕಿಟಕಿ ನೋಡಿದ. ಅಲ್ಲಿ ಅಕ್ಕನ ಬಾಯಲ್ಲಿ ಗುಂಡುಸೂಜಿಗಳಿದ್ದವು, ಮಾತಾಡುವಂತಿರಲಿಲ್ಲ. ಕತ್ತರಿಯಿಂದ ಕಂಬದ ಕಡೆ ತೋರಿಸಿದಳು. ಅವನು ಓಡಿ ಹೋಗಿ ಅಲ್ಲಿ ನಿಂತ.

ವೈಂಡಿಂಗಣ್ಣ ಒಮ್ಮೆ ಕಿಟಕಿಯ ಕಡೆ ನೋಡಿದ. ಆಮೇಲೆ ಕೂತು, ಚೀಲದಿಂದ ಒಂದು ಫ್ಯಾನು ಹೊರಗೆ ತೆಗೆದು, ಒಂದರಿಂದ ಎಣಿಸಲು ಶುರುಮಾಡಿದ.