ಮೀಸೆ ಬೋಳಿಸುವ ಮೇಡಂ
ಸಂಜೆಯ ಇಂಗ್ಲಿಷ್ ಕ್ಲಾಸಿನ ಮೇಡಂಗೆ ಇಂಗ್ಲಿಷ್ ಮೇಲೆ ಎಷ್ಟು ಪ್ರೀತಿಯೋ, ಅದರ ಪದಗಳೊಳಗೆ ಕಾಲು ಚಾಚಿ ಕೂತಿರುವ ಗಂಡಸಿನ ಮೇಲೆ ಅಷ್ಟೇ ಸಿಟ್ಟು. ಯಾರಾದರೂ 'ಚೇರ್‌ಮನ್' ಅಂದರೆ ಸಾಕು, ಬೋರ್ಡಿನ ಮೇಲೆ ಓಡುತ್ತಿದ್ದ ಸೀಮೆಸುಣ್ಣ ಗಕ್ಕನೆ ನಿಲ್ಲುತ್ತದೆ. "ಕುರ್ಚಿಗೆ ಮೀಸೆ ಯಾಕ್ರೀ? ಚೇರ್‌ಪರ್ಸನ್ ಅನ್ನಿ." 'ಮ್ಯಾನ್‌ಪವರ್' ಎಂದ ಕಾರ್ಖಾನೆಯ ಮೇಸ್ತ್ರಿಯನ್ನು, "ನಿಮ್ಮಲ್ಲಿ ಮೂಟೆ ಹೊರೋ ಹೆಂಗಸರಿಗೆ ಪವರ್ ಎಲ್ಲಿಂದ ಬರುತ್ತೆ, ಕರೆಂಟ್ ಕಂಬದಿಂದಾನಾ?" ಎಂದು ಕೇಳಿದ್ದುಂಟು. ಮನೆಯಲ್ಲೂ ಅಷ್ಟೇ, ಟಿವಿಯಲ್ಲಿ ವಾರ್ತೆ ಓದುವವರನ್ನು ಸೋಫಾದಿಂದಲೇ ತಿದ್ದುತ್ತಾರೆ. ಕ್ರಿಕೆಟ್ ನೋಡುವ ಗಂಡ, ಪಾಪ, 'ಬ್ಯಾಟ್ಸ್‌ಮನ್' ಎನ್ನಲು ಬಾಯಿ ತೆರೆದು, ಅಡುಗೆಮನೆಯ ಕಡೆ ನೋಡಿ, 'ಬ್ಯಾಟರ್' ಎಂದು ಮುಗಿಸುತ್ತಾರೆ. ವಾದದಲ್ಲಿ ಮೇಡಂ ಎದುರು ಗೆದ್ದವರಿಲ್ಲ. ಮೊನ್ನೆ ಮಾತ್ರ, ತನ್ನ ಮನೆಯವರ ಬಗ್ಗೆ ಹೇಳಲು ಎದ್ದ ಲಾರಿ ಡ್ರೈವರ್, "ಮೈ ಮದರ್..." ಎಂದು ಶುರುಮಾಡಿದವನು ಹೋದ ತಿಂಗಳು ತೀರಿಕೊಂಡ ತಾಯಿಯನ್ನು ನೆನೆದು ಬಿಕ್ಕಿದ. "ಬಿ ಎ ಮ್ಯಾನ್!" ಎಂದು ಹಿಂದಿನ ಬೆಂಚಿನ ಮೇಸ್ತ್ರಿ ಧೈರ್ಯ ಹೇಳಿದ. ಈಗ ಮೇಡಂ ಮೇಸ್ತ್ರಿಯ ಬೆವರಿಳಿಸುತ್ತಾರೆಂದು ಎಲ್ಲರೂ ಕಾದರು. ಮೇಡಂಗೆ ನೆನಪಾದದ್ದು ತಮ್ಮನ ಮುಖ. ಅಪ್ಪ ಹೋದ ದಿನ ಬಂದವರೆಲ್ಲ ಇದೇ ಮಾತು ಹೇಳಿ ಅವನ ಬೆನ್ನು ತಟ್ಟಿದ್ದರು. ಅಂದು ಹಲ್ಲು ಕಚ್ಚಿ ನಿಂತ ಹುಡುಗ ಆಮೇಲೆ ಅಕ್ಕನ ಹತ್ತಿರವೂ ಮನಸ್ಸು ಬಿಚ್ಚಲಿಲ್ಲ. ಮೇಡಂ ಹೋಗಿ ಡ್ರೈವರ್ ಪಕ್ಕ ಕೂತರು. "ಅತ್ತುಬಿಡಪ್ಪ. ಇಂಗ್ಲಿಷ್ ಎಲ್ಲಿಗೂ ಓಡಿಹೋಗಲ್ಲ." ಅವನು ಜೋರಾಗಿಯೇ ಅತ್ತ. ಸ್ವಲ್ಪ ಹೊತ್ತಿನ ಮೇಲೆ ಮೇಸ್ತ್ರಿ ಎದ್ದು ಬಂದು ತನ್ನ ನೀರಿನ ಬಾಟಲಿಯನ್ನು ಅವನ ಮುಂದೆ ಇಟ್ಟ.